ಹದಿನಾರರ ಹುಡುಗಿ ಹೀಗೆಲ್ಲ ಮಾತಾಡ್ತಾಳಾ?

ಹೋದ ವರ್ಷ ಒಂದು ಕಥೆ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದ್ದೆ. ಹಳ್ಳಿಯಿಂದ ದಿನಾ ಬಸ್ಸು ಹತ್ತಿ ತೀರ್ಥಹಳ್ಳಿಯ ಕಾಲೇಜಿಗೆ ಹೋಗುವ ಪಿಯುಸಿ ಹುಡುಗಿಯ ಕಥೆ. ತುಂಗೆಯ ಸೇತುವೆ ಮೇಲೆ ನಿಂತು ಅವಳು ಗೆಳತಿಗೆ ಹೇಳುತ್ತಾಳೆ: "ಹೊಳೆಗೆ ನೆನಪು ಅನ್ನೋದೇ ಇಲ್ಲ. ಅದಕ್ಕೇ ಅದು ಇಷ್ಟು ಹಗುರವಾಗಿ ಹರಿಯುತ್ತೆ." ಆ ಸಾಲು ಬರೆದ ದಿನ ಎರಡು ಲೋಟ ಕಾಫಿ ಜಾಸ್ತಿ ಕುಡಿದಿದ್ದೆ, ಅಷ್ಟು ಖುಷಿ. ಕಥೆ ವಾಪಸ್ ಬಂತು. ಜೊತೆಗೆ ಒಂದೇ ಸಾಲಿನ ಟಿಪ್ಪಣಿ: "ಹದಿನಾರರ ಹುಡುಗಿ ಹೀಗೆಲ್ಲ ಮಾತಾಡ್ತಾಳಾ?"

ಸಿಟ್ಟು ಬಂತು. ಆಮೇಲೆ ಅನುಮಾನವೂ ಬಂತು. ನಿಜವಾಗಿ ಮಾತಾಡ್ತಾಳಾ?

ಈ ಪ್ರಶ್ನೆ ನನ್ನೊಬ್ಬನದ್ದಲ್ಲ. ಇಂಗ್ಲಿಷಿನಲ್ಲಿ 'ಯಂಗ್ ಅಡಲ್ಟ್' ಅಂತ ಕರೆಯುವ ಪುಸ್ತಕಗಳಿವೆ. ಚಿಕ್ಕ ಮಕ್ಕಳ ಕಥೆಗೂ ದೊಡ್ಡವರ ಕಾದಂಬರಿಗೂ ನಡುವಿನವು, ಹನ್ನೆರಡರಿಂದ ಹದಿನೆಂಟರ ಓದುಗರಿಗಾಗಿ ಬರೆದವು. ಅವುಗಳ ಮೇಲೆ ಓದುಗರ ದೊಡ್ಡ ದೂರು ಇದೇ: ಇದರೊಳಗಿನ ಹುಡುಗ ಹುಡುಗಿಯರು ಕವಿತೆ ಹೇಳುತ್ತಾರೆ, ಸಾವಿನ ಬಗ್ಗೆ ಉಪನ್ಯಾಸ ಕೊಡುತ್ತಾರೆ, ಐಸ್‌ಕ್ರೀಮ್ ತಿನ್ನುವಾಗಲೂ ರೂಪಕದಲ್ಲಿ ತಿನ್ನುತ್ತಾರೆ. ಇವರು ಮಕ್ಕಳೇ ಅಲ್ಲ, ಯೂನಿಫಾರ್ಮ್ ಹಾಕಿದ ಮೇಷ್ಟ್ರುಗಳು ಅನ್ನುವುದು ಒಂದು ಗುಂಪು. ಅಯ್ಯೋ, ನಾನು ಆ ವಯಸ್ಸಲ್ಲಿ ಹಾಗೇ ಇದ್ದೆ, ನೆನೆಸಿಕೊಂಡರೆ ನಾಚಿಕೆಯಾಗುತ್ತೆ ಅನ್ನುವುದು ಇನ್ನೊಂದು ಗುಂಪು.

ನನಗೆ ಇಬ್ಬರೂ ಸರಿ ಅನ್ನಿಸುತ್ತದೆ. ಅದು ಹೇಗೆ ಅಂತ ನೋಡೋಣ.

ಮೊದಲು ಒಂದು ರಾತ್ರಿಯ ಕಥೆ ಹೇಳಬೇಕು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕಾಲ. ಜಗಲಿಯಲ್ಲಿ ಬಲ್ಬಿನ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಏಳೆಂಟು ಜನ ಕೂತಿದ್ದರು. ಶಿವಮೊಗ್ಗದ ಹಾಸ್ಟೆಲಿನಿಂದ ಅಕ್ಕನ ಮಗಳು ರಜೆಗೆ ಬಂದಿದ್ದಳು. ಸುಲಿಯಲು ಬರುವುದಿಲ್ಲ, ಸುಲಿದದ್ದನ್ನು ಬುಟ್ಟಿಗೆ ತುಂಬುವ ಕೆಲಸ ಅವಳದ್ದು. ಯಾವುದೋ ಮಾತಿಗೆ ಥಟ್ಟನೆ ಹೇಳಿದಳು: "ಒಟ್ಟಿನಲ್ಲಿ ಬದುಕೇ ಅಸಂಗತ. ಕ್ಯಾಮಸ್ ಕೂಡ ಇದನ್ನೇ ಹೇಳಿದ್ದು." ಜಗಲಿ ಒಂದು ಕ್ಷಣ ಸುಮ್ಮನಾಯಿತು. ನಮ್ಮಮ್ಮ ತಲೆ ಎತ್ತದೆ ಅಂದರು: "ಅಸಂಗತನೋ ಸಂಗತನೋ, ಆ ಬುಟ್ಟಿ ಈಚೆ ತಳ್ಳೇ ಮಾರಾಯ್ತಿ." ಅವಳು ತಳ್ಳಿದಳು. ಎರಡು ನಿಮಿಷ ಕಳೆದಿರಲಿಲ್ಲ, "ಅಜ್ಜೀ, ನಾಳೆ ಬೆಳಿಗ್ಗೆ ಕಡುಬು ಮಾಡ್ತೀಯಾ?" ಅಂತ ಅವರ ಭುಜಕ್ಕೆ ಒರಗಿದ್ದಳು.

ಫ್ರೆಂಚ್ ಲೇಖಕನ ಹೆಸರು ಕಮೂ. ಅವಳು ಇಂಗ್ಲಿಷ್ ಅಕ್ಷರ ನೋಡಿ ಕ್ಯಾಮಸ್ ಮಾಡಿಕೊಂಡಿದ್ದಳು. ಅಂದರೆ ಯಾರ ಬಾಯಲ್ಲೂ ಕೇಳಿರಲಿಲ್ಲ, ಎಲ್ಲೋ ಓದಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಮಾತಿಗೆ ನಮ್ಮ ಕಡೆ ಹೆಸರುಗಳಿಗೇನೂ ಬರ ಇಲ್ಲ. ಸ್ಕೋಪು ತಗೊಳ್ಳೋದು, ಬಿಲ್ಡಪ್ ಕೊಡೋದು, ಪೋಸು, ಧಿಮಾಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುವ ಗಾದೆಯೂ ಇದೆ. (ಮಲೆನಾಡಿನಲ್ಲಿ ಅರ್ಧರಾತ್ರಿ ಕೊಡೆ ಹಿಡಿಯುವುದು ಆರು ತಿಂಗಳು ಮಾಮೂಲು ಸಂಗತಿ, ಆ ಮಾತು ಬೇರೆ.) ಆದರೆ ಇವೆಲ್ಲ ದೊಡ್ಡವರ ಬಡಾಯಿಗೆ ಹೇಳಿದ ಮಾತುಗಳು. ಹದಿನಾರರ ಪೋಸು ಸ್ವಲ್ಪ ಬೇರೆ. ಜೂನ್ ತಿಂಗಳಲ್ಲಿ ಯೂನಿಫಾರ್ಮ್ ಹೊಲಿಸುವಾಗ ಅಮ್ಮಂದಿರು ಟೈಲರಿಗೆ ಹೇಳುತ್ತಾರಲ್ಲ, "ಬೆಳೆಯೋ ಮಕ್ಕಳು, ಎರಡಿಂಚು ಜಾಸ್ತಿನೇ ಇರಲಿ" ಅಂತ. ಆ ಅಂಗಿ ಸುಳ್ಳು ಅಂಗಿ ಅಲ್ಲ. ಇವತ್ತಿಗೆ ಭುಜದಿಂದ ಜಾರುತ್ತದೆ, ಅಷ್ಟೇ.

ಹಾಗಾದರೆ ಸರಿಯಾಗಿ ಈ ವಯಸ್ಸಿನಲ್ಲೇ ಯಾಕೆ ಈ ಎರಡಿಂಚು ಜಾಸ್ತಿ? ಮನಶ್ಶಾಸ್ತ್ರದಲ್ಲಿ ಇದಕ್ಕೆ ಹಲವು ಉತ್ತರಗಳಿವೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಪ್ರಕಾರ ಮಕ್ಕಳು ಹನ್ನೊಂದು ಹನ್ನೆರಡರ ನಂತರ ಕಣ್ಣೆದುರು ಇಲ್ಲದ ಸಂಗತಿಗಳ ಬಗ್ಗೆಯೂ ಯೋಚಿಸಲು ಶುರುಮಾಡುತ್ತಾರೆ. ನ್ಯಾಯ, ಸಾವು, ಅರ್ಥ, 'ಹೀಗಿಲ್ಲದೆ ಬೇರೆ ಥರ ಇದ್ದಿದ್ದರೆ?' ಇಂಥವು. ಅಲ್ಲಿಯವರೆಗೆ ದೇವಸ್ಥಾನ ಅಂದರೆ ಪ್ರಸಾದ, ಜಾತ್ರೆ. ಈಗ ಇದ್ದಕ್ಕಿದ್ದ ಹಾಗೆ ದೇವರಿದ್ದಾನಾ ಅನ್ನುವ ಪ್ರಶ್ನೆ. ಹೊಸದಾಗಿ ಕತ್ತಿ ಸಿಕ್ಕ ಹುಡುಗ ತೋಟಕ್ಕೆ ಹೋದರೆ ಏನು ಮಾಡುತ್ತಾನೆ? ಕಂಡ ಗಿಡಕ್ಕೆಲ್ಲ ಬೀಸುತ್ತಾನೆ. ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕು. ಹದಿನಾರರ ತತ್ವಜ್ಞಾನವೂ ಹಾಗೇ. ಕೈಯಲ್ಲಿರುವ ಕತ್ತಿ ನಿಜವಾದದ್ದೇ.

ಎರಡನೆಯ ಉತ್ತರ ಅಮೆರಿಕದ ಡೇವಿಡ್ ಎಲ್ಕೈಂಡ್ ಅವರದ್ದು. 1967ರಲ್ಲಿ ಅವರು ಎರಡು ಮಾತುಗಳನ್ನು ಮುಂದಿಟ್ಟರು. ಒಂದು, ಕಾಲ್ಪನಿಕ ಪ್ರೇಕ್ಷಕರು: ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನುವ ಭಾವನೆ. ಇನ್ನೊಂದು, ಸ್ವಂತದ ದಂತಕಥೆ: ನನಗೆ ಆಗುತ್ತಿರುವುದು ಲೋಕದಲ್ಲಿ ಇನ್ಯಾರಿಗೂ ಆಗಿಲ್ಲ ಅನ್ನುವ ನಂಬಿಕೆ. ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಸಂಜೆ ಒಬ್ಬನೇ ನಡೆಯುವ ಹುಡುಗನನ್ನು ನೋಡಿ. ಕೂದಲು ಸರಿಮಾಡಿಕೊಳ್ಳುತ್ತಾನೆ, ಫೋನ್ ತೆಗೆಯುತ್ತಾನೆ, ಒಳಗಿಡುತ್ತಾನೆ. ಸುತ್ತ ಇರುವವರು ತರಕಾರಿ ಚೀಲದ ಚಿಂತೆಯಲ್ಲಿದ್ದಾರೆ. ಆದರೆ ಅವನ ತಲೆಯೊಳಗೆ ಕುವೆಂಪು ರಂಗಮಂದಿರ ತುಂಬಿ ತುಳುಕುತ್ತಿದೆ. ಪ್ರೇಕ್ಷಕರಿದ್ದಾರೆ ಅಂದಮೇಲೆ ಡೈಲಾಗ್ ಬೇಡವೇ?

ಎಲ್ಕೈಂಡ್ ಮಾತನ್ನು ನಂತರದವರೆಲ್ಲ ಹಾಗೇ ಒಪ್ಪಿಕೊಂಡಿಲ್ಲ. ಈ ಕಾಯಿಲೆ ಹದಿಹರೆಯದವರದ್ದು ಮಾತ್ರವಲ್ಲ ಅಂತ ತೋರಿಸುವ ಪ್ರಯೋಗಗಳೂ ನಡೆದಿವೆ. ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ತಮಾಷೆಯಾಗಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಗಾಯಕನೊಬ್ಬನ ಚಿತ್ರವಿರುವ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ನಿನ್ನ ಶರ್ಟ್ ಗಮನಿಸಿದರು ಅಂತ ಕೇಳಿದರೆ, ಸುಮಾರು ಅರ್ಧದಷ್ಟು ಜನ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. ಮದುವೆ ಮನೆಯಲ್ಲಿ ಸೀರೆಗೆ ಸಾರು ಚೆಲ್ಲಿಕೊಂಡ ಯಾರಿಗಾದರೂ ಇದು ಗೊತ್ತು. ಹದಿನಾರರಲ್ಲಿ ಅದು ಜಾಸ್ತಿ ಕುಟುಕುತ್ತದೆ ಅಷ್ಟೇ.

ಇನ್ನೊಬ್ಬರು ಎರಿಕ್ ಎರಿಕ್ಸನ್. 'ನಾನು ಯಾರು' ಅನ್ನುವುದನ್ನು ಗಟ್ಟಿ ಮಾಡಿಕೊಳ್ಳುವುದೇ ಈ ವಯಸ್ಸಿನ ದೊಡ್ಡ ಕೆಲಸ, ಅದಕ್ಕಾಗಿ ಬೇರೆ ಬೇರೆ ವೇಷ ಹಾಕಿ ನೋಡಲು ಸಮಾಜ ಅವರಿಗೆ ಒಂದಷ್ಟು ಸಮಯ ಬಿಟ್ಟುಕೊಡುತ್ತದೆ ಅಂದರು. ಅವರ ಎರಿಕ್ಸನ್ ಅನ್ನುವ ಹೆಸರು ಕೂಡ ಹುಟ್ಟಿನಿಂದ ಬಂದದ್ದಲ್ಲ, ದೊಡ್ಡವರಾದ ಮೇಲೆ ತಾವೇ ಆರಿಸಿಕೊಂಡದ್ದು.

ಹೆಸರು ಆರಿಸಿಕೊಳ್ಳುವ ವಿಷಯಕ್ಕೆ ಬಂದರೆ ನಾವು ದೂರ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಹುಡುಗನೊಬ್ಬ ಮೈಸೂರಿಗೆ ಓದಲು ಹೋದ. ಅಲ್ಲಿ ಕೂತು ಇಂಗ್ಲಿಷಿನಲ್ಲಿ ಕವಿತೆ ಬರೆದ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅನ್ನುವ ಪುಸ್ತಕವೂ ಬಂತು. ಆಗ ಅವನಿಗೆ ಹದಿನೇಳು. ಕನ್ನಡಕ್ಕೆ ತಿರುಗಿದ ಹೊಸದರಲ್ಲಿ ಇಟ್ಟುಕೊಂಡ ಕಾವ್ಯನಾಮ 'ಕಿಶೋರ ಚಂದ್ರವಾಣಿ'. ಸ್ವಲ್ಪ ನಿಂತು ಈ ಹೆಸರನ್ನು ಇನ್ನೊಮ್ಮೆ ಓದಿ. ಇವತ್ತು ಯಾವುದಾದರೂ ಕಾದಂಬರಿಯಲ್ಲಿ ಮಲೆನಾಡಿನ ಹದಿನೇಳರ ಹುಡುಗ ಇಂಗ್ಲಿಷ್ ಕವಿಗಳ ಧಾಟಿಯಲ್ಲಿ ಬರೆದು, ತನ್ನನ್ನು ಚಂದ್ರವಾಣಿ ಅಂತ ಕರೆದುಕೊಂಡರೆ, ನನ್ನ ಕಥೆ ವಾಪಸ್ ಕಳಿಸಿದವರು ಅದನ್ನೂ ವಾಪಸ್ ಕಳಿಸುತ್ತಿದ್ದರು. ಇಂಗ್ಲಿಷ್ ಕವಿತೆ ತೋರಿಸಲು ಹೋದಾಗ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿನ್ನ ಭಾಷೆಯಲ್ಲಿ ಬರಿ ಅಂತ ಬುದ್ಧಿ ಹೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕುವೆಂಪು ಅದನ್ನು ಮುಚ್ಚಿಡಲಿಲ್ಲ, ತಾವೇ ಬರೆದಿದ್ದಾರೆ. ನನಗೆ ಇಷ್ಟವಾಗುವುದು ಆ ಘಟನೆಯ ಮೊದಲರ್ಧ. ದೊಡ್ಡ ಕವಿಯ ಮುಂದೆ ತನ್ನ ಇಂಗ್ಲಿಷ್ ಪದ್ಯ ಹಿಡಿದು ನಿಲ್ಲುವ ಧೈರ್ಯ ಇದೆಯಲ್ಲ, ಪೋಸು ಇಲ್ಲದೆ ಅದು ಬರುವುದಿಲ್ಲ.

ಇನ್ನೊಂದು ಉದಾಹರಣೆ. 'ದಿ ಔಟ್‌ಸೈಡರ್ಸ್' ಅನ್ನುವ ಅಮೆರಿಕದ ಕಾದಂಬರಿ ಹದಿಹರೆಯದವರ ಸಾಹಿತ್ಯದ ಮೈಲಿಗಲ್ಲು. ಅದರಲ್ಲಿ ಬೀದಿ ಜಗಳದ ಗುಂಪಿನಲ್ಲಿರುವ ಹದಿನಾಲ್ಕರ ಹುಡುಗ, ಸೂರ್ಯ ಹುಟ್ಟುವುದನ್ನು ನೋಡುತ್ತಾ ರಾಬರ್ಟ್ ಫ್ರಾಸ್ಟ್ ಕವಿತೆಯನ್ನು ಬಾಯಿಪಾಠ ಹೇಳುತ್ತಾನೆ. ಛೆ, ಇದು ಯಾರೋ ನಲವತ್ತು ದಾಟಿದ ಲೇಖಕರ ಆಸೆ ಅನ್ನಿಸುತ್ತೆ ಅಲ್ವಾ? ಬರೆದ ಎಸ್.ಇ. ಹಿಂಟನ್ ಅದನ್ನು ಶುರುಮಾಡಿದಾಗ ಹದಿನೈದರ ಹುಡುಗಿ. 1967ರಲ್ಲಿ ಪುಸ್ತಕ ಬಂದಾಗ ಹದಿನೆಂಟು. ಅಂದರೆ ಹದಿಹರೆಯದವರಿಗೇ ತಮ್ಮ ವಯಸ್ಸಿನವರ ಬಗ್ಗೆ ಬರೆಯಲು ಕೊಟ್ಟರೂ ಅವರು ಕವಿತೆ ಹೇಳಿಸುತ್ತಾರೆ.

ಹಾಗಿದ್ದರೆ ಓದುಗರು ದೂರುವುದು ಸುಮ್ನೆಯಾ? ಅಲ್ಲ. ಇಲ್ಲೇ ವಿಷಯ ಸ್ವಲ್ಪ ಸೂಕ್ಷ್ಮವಾಗುತ್ತದೆ.

ಜಗಲಿಯ ರಾತ್ರಿಗೆ ಹಿಂದೆ ಹೋಗಿ. ಅಕ್ಕನ ಮಗಳ ಮಾತಿನಲ್ಲಿ ನಂಬಿಕೆ ಹುಟ್ಟಿಸಿದ್ದು ಯಾವುದು? ಅಸಂಗತ ಅನ್ನುವ ದೊಡ್ಡ ಪದ ಅಲ್ಲ. ಕ್ಯಾಮಸ್ ಅನ್ನುವ ತಪ್ಪು ಉಚ್ಚಾರಣೆ. ಬುಟ್ಟಿ ತಳ್ಳೇ ಅನ್ನುವ ಅಜ್ಜಿ. ಎರಡೇ ನಿಮಿಷದಲ್ಲಿ ಕಡುಬಿಗೆ ಇಳಿದ ಮನಸ್ಸು. ಈ ಮೂರೂ ಸಂಗತಿಗಳು ಪುಸ್ತಕಗಳಲ್ಲಿ ಬಹಳ ಸಲ ಇರುವುದಿಲ್ಲ. ಪುಸ್ತಕದ ಹುಡುಗ ಹೆಸರನ್ನು ಸರಿಯಾಗಿಯೇ ಹೇಳುತ್ತಾನೆ, ವಾಕ್ಯವನ್ನು ಎಲ್ಲೂ ತೊದಲದೆ ಮುಗಿಸುತ್ತಾನೆ, ಕೇಳಿದವರು ಕಣ್ಣರಳಿಸುತ್ತಾರೆ. ಅವನ ಪೋಸು ಸುಳ್ಳಲ್ಲ. ಅದು ಪ್ರತಿ ಸಲವೂ ಗೆಲ್ಲುತ್ತದಲ್ಲ, ಅದು ಸುಳ್ಳು.

ನಿಜವಾದ ಪೋಸು ಎರವಲು ತಂದದ್ದು, ಹಾಗಾಗಿ ಹೊಲಿಗೆ ಕಾಣುತ್ತದೆ. ಕನ್ನಡದಲ್ಲಿ ಈ ಹೊಲಿಗೆ ಕಾಣುವ ಜಾಗವೇ ಬೇರೆ. ಇಂಗ್ಲಿಷ್ ಮಕ್ಕಳು ಓದಿ ಕಲಿತ ಪದವನ್ನು ತಪ್ಪಾಗಿ ಉಚ್ಚರಿಸಿ ಸಿಕ್ಕಿಬೀಳುತ್ತಾರೆ. ನಮ್ಮಲ್ಲಿ ಬರೆದ ಹಾಗೇ ಓದುವುದರಿಂದ ಕನ್ನಡ ಪದಗಳಲ್ಲಿ ಆ ಅಪಾಯ ಕಡಿಮೆ. ನಾವು ಸಿಕ್ಕಿಬೀಳುವುದು ಮಹಾಪ್ರಾಣದಲ್ಲಿ. ಅದೇ ರಜೆಯಲ್ಲಿ ಅವಳು ನನಗೆ ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದಳು. ಒಂದು ಕವಿತೆ, ಅದರ ಹೆಸರು 'ಇರುವಿಕೆಯ ಭಾದೆ'. ಬಾಧೆ ಆಗಬೇಕಿತ್ತು. ಎಲ್ಲೋ ಒಂದು ಕಡೆ ಹೊಟ್ಟೆ ಸೀಳಬೇಕು ಅಂತ ಗೊತ್ತು, ಯಾವ ಅಕ್ಷರಕ್ಕೆ ಅಂತ ಗೊತ್ತಿಲ್ಲ. ನಾನು ತಿದ್ದಲಿಲ್ಲ. ಕಥೆಗಾರನಾಗಿ ನೋಡಿದರೆ ಆ ತಪ್ಪು ಜಾಗದ ಮಹಾಪ್ರಾಣಕ್ಕೆ ಇಡೀ ಕವಿತೆಯಷ್ಟು ಬೆಲೆ.

ಕನ್ನಡದ್ದೇ ಆದ ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಬರಹದ ಕನ್ನಡ ಬೇರೆ, ಆಡುವ ಕನ್ನಡ ಬೇರೆ. ಹೊಸನಗರದ ಹುಡುಗಿ ಅಮ್ಮನ ಹತ್ತಿರ "ಎಂಥ ಮಾರಾಯ್ತಿ, ತಲೆ ಕೆಟ್ಟು ಹೋಗಿದೆ" ಅನ್ನುತ್ತಾಳೆ. ಕಥೆಯಲ್ಲಿ ಅವಳೇ "ನಾನು ಬಹಳ ಬೇಸರಗೊಂಡಿದ್ದೇನೆ ಅಮ್ಮಾ" ಅನ್ನುತ್ತಾಳೆ. ಇದು ಪೋಸಲ್ಲ, ಬರೆದವರ ಸೋಮಾರಿತನ. ಆದರೆ ಪರಿಣಾಮ ನೋಡಿ. ಎಲ್ಲರೂ ಪುಸ್ತಕದ ಭಾಷೆಯಲ್ಲೇ ಉಪ್ಪಿನಕಾಯಿ ಕೇಳುವ ಕಥೆಯಲ್ಲಿ, ಯಾರು ಬಿಲ್ಡಪ್ ಕೊಡುತ್ತಿದ್ದಾರೆ ಅಂತ ಗೊತ್ತಾಗುವುದಾದರೂ ಹೇಗೆ? ಬಿಳಿ ಗೋಡೆ ಮೇಲೆ ಸುಣ್ಣದಲ್ಲಿ ಬರೆದ ಹಾಗೆ. ಪೋಸು ಕಾಣಬೇಕಾದರೆ ಅದರ ಹಿಂದೆ ಮನೆಮಾತು ಇರಬೇಕು. ನನ್ನ ಸೇತುವೆಯ ಹುಡುಗಿ ಸೋತದ್ದು ಇಲ್ಲೇ ಅಂತ ನನಗೆ ತಡವಾಗಿ ಹೊಳೆಯಿತು. ಅವಳು ಬಸ್ ಕಂಡಕ್ಟರ್ ಹತ್ತಿರವೂ ಹೊಳೆಯ ಹತ್ತಿರ ಮಾತಾಡುವ ಹಾಗೇ ಮಾತಾಡುತ್ತಿದ್ದಳು.

ಯಾರ ಮುಂದೆ ಅನ್ನುವುದು ಬಹಳ ಮುಖ್ಯ. ಹದಿನಾರರವರ ಪೋಸಿಗೆ ವಿಳಾಸ ಇರುತ್ತದೆ. ಗೆಳೆಯರ ಮುಂದೆ ಒಂದು, ಇಷ್ಟವಾದ ಮೇಷ್ಟ್ರ ಮುಂದೆ ಇನ್ನೊಂದು, ಅಜ್ಜಿಯ ಮುಂದೆ ನಿಲ್ಲುವುದೇ ಇಲ್ಲ. ಸರಕು ಕೂಡ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ಕಾಲದ ಶಿವಮೊಗ್ಗದ ಹುಡುಗರಿಗೆ ಸಮಾಜವಾದಿ ಲೋಹಿಯಾ, ಫ್ರೆಂಚ್ ಚಿಂತಕ ಸಾರ್ತ್ರ್ ಮತ್ತು ಕುರುಚಲು ಗಡ್ಡ. ಹೆಗ್ಗೋಡಿನ ನೀನಾಸಮ್ ಶಿಬಿರಕ್ಕೆ ಹೋಗಿ ಬಂದವರ ಬಾಯಲ್ಲಿ ಒಂದು ತಿಂಗಳು 'ಸಂವೇದನೆ', 'ಅನುಸಂಧಾನ' ಬಿಟ್ಟು ಬೇರೆ ಪದ ಬರುತ್ತಿರಲಿಲ್ಲ. ನಾನೂ ಆ ಗುಂಪಿನವನೇ, ಯಾರನ್ನೂ ಬೈಯುತ್ತಿಲ್ಲ. ಈಗಿನವರಿಗೆ ಜಪಾನಿನ ಆನಿಮೆ, ಕೊರಿಯಾದ ಹಾಡು, ರೀಲ್ಸಿನಲ್ಲಿ ಬರುವ ಮೂವತ್ತು ಸೆಕೆಂಡಿನ ತತ್ವಜ್ಞಾನ.

ಪೋಸಿಗೆ ಉಲ್ಟಾ ರೂಪವೂ ಇದೆ, ಅದನ್ನು ಕಥೆಗಳು ಗಮನಿಸುವುದು ಕಡಿಮೆ. ಪರೀಕ್ಷೆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೇಳಿ: "ಎಂಥದೂ ಓದಿಲ್ಲ ಮಾರಾಯ, ಫೇಲೇ." ಹೀಗಂದವನು ರಾತ್ರಿ ಎರಡರವರೆಗೆ ಓದಿರುತ್ತಾನೆ. ಇದು ತಿಳಿದದ್ದನ್ನು ಮುಚ್ಚುವ ಪೋಸು. ನಾಜಿಗಳಿಗೆ ಹೆದರಿ ಕುಟುಂಬದ ಜೊತೆ ಅಡಗಿ ಕೂತಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ 1944ರ ಆಗಸ್ಟ್ 1ರಂದು ತನ್ನ ದಿನಚರಿಯ ಕೊನೆಯ ಪುಟ ಬರೆದಾಗ ಹದಿನೈದು ವರ್ಷ. ತನ್ನೊಳಗೆ ಇಬ್ಬರಿದ್ದಾರೆ, ಜನರ ಮುಂದೆ ಬರುವುದು ತಮಾಷೆಯ ಆನ್, ಗಂಭೀರವಾದವಳು ಒಬ್ಬಳೇ ಇದ್ದಾಗ ಮಾತ್ರ ಹೊರಗೆ ಬರುತ್ತಾಳೆ ಅಂತ ಅದರಲ್ಲಿ ಹೇಳಿಕೊಳ್ಳುತ್ತಾಳೆ. ಅದಕ್ಕೂ ಕೆಲವು ತಿಂಗಳ ಹಿಂದೆ, ಯುದ್ಧಕಾಲದ ದಿನಚರಿಗಳನ್ನು ಜೋಪಾನ ಮಾಡಿ ಅಂತ ಲಂಡನ್ನಿನಿಂದ ಬಂದ ರೇಡಿಯೋ ಮಾತು ಕೇಳಿ, ಮುಂದೆ ಪುಸ್ತಕ ಮಾಡುವ ಆಸೆಯಿಂದ ದಿನಚರಿಯನ್ನು ತಿದ್ದಿ ಬರೆಯಲು ಕೂತಿದ್ದಳು. ಅಡಗುತಾಣದಲ್ಲಿ ಕೂತ ಹುಡುಗಿಗೆ ಓದುಗರು ಕಾಣುತ್ತಿದ್ದರು. ಎಲ್ಕೈಂಡ್ ಹೇಳಿದ ಕಾಲ್ಪನಿಕ ಪ್ರೇಕ್ಷಕರು ಅಂದರೆ ಬರೀ ಹುಚ್ಚಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಏನು ಬೇಕು?

ಆನ್ ಫ್ರಾಂಕ್ ಇನ್ನೊಂದು ವಿಷಯವನ್ನೂ ತೋರಿಸುತ್ತಾಳೆ. ಬರೆಯುವ ಮಾತು ಬೇರೆ, ಬಾಯಲ್ಲಿ ಆಡುವ ಮಾತು ಬೇರೆ. ಕಥೆಯನ್ನು 'ನಾನು' ಅಂತ ಹೇಳುವ ಹುಡುಗಿ ನಿರೂಪಣೆಯಲ್ಲಿ ಎಷ್ಟು ಸೊಗಸಾಗಿ ಯೋಚಿಸಿದರೂ ತಕರಾರಿಲ್ಲ. ಒಳಗಿನ ಮಾತಿಗೆ ಸಮಯ ಇದೆ, ತಿದ್ದಲು ಅವಕಾಶ ಇದೆ. ಅದೇ ವಾಕ್ಯವನ್ನು ಕ್ಯಾಂಟೀನಿನಲ್ಲಿ ಗೋಳಿಬಜೆ ಅಗಿಯುತ್ತಾ ಜೋರಾಗಿ ಹೇಳಿಸಿದರೆ ಓದುಗರಿಗೆ ಕಸಿವಿಸಿಯಾಗುತ್ತದೆ. ಅಸಹಜ ಅನ್ನುವ ದೂರುಗಳಲ್ಲಿ ಅರ್ಧದಷ್ಟು ಇಲ್ಲೇ ಹುಟ್ಟುತ್ತವೆ ಅಂತ ನನ್ನ ಲೆಕ್ಕ.

ಇನ್ನು ಈ ಚರ್ಚೆಯಲ್ಲಿ ಎಲ್ಲರೂ ಬೆರಳು ತೋರಿಸುವ ಪುಸ್ತಕ ಜಾನ್ ಗ್ರೀನ್ ಅವರ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್', 2012ರದ್ದು. ಕ್ಯಾನ್ಸರ್ ಬಂದು ಹೋದ ಹದಿನೇಳರ ಆಗಸ್ಟಸ್ ಬಾಯಲ್ಲಿ ಸಿಗರೇಟು ಇಟ್ಟುಕೊಳ್ಳುತ್ತಾನೆ, ಹಚ್ಚುವುದಿಲ್ಲ. ಕೊಲ್ಲುವ ವಸ್ತುವನ್ನು ಹಲ್ಲಿನ ನಡುವೆ ಇಟ್ಟುಕೊಂಡೂ ಅದಕ್ಕೆ ಕೊಲ್ಲುವ ಶಕ್ತಿ ಕೊಡದಿರುವುದು ಅವನ ರೂಪಕ. ಇದಕ್ಕಿಂತ ದೊಡ್ಡ ಸ್ಕೋಪು ಇನ್ನೊಂದಿಲ್ಲ, ಒಪ್ಪಿದೆ. ಆದರೆ ಬೈಯುವವರು ಆ ಪುಟಕ್ಕೇ ನಿಲ್ಲುತ್ತಾರೆ. ಕಾಯಿಲೆ ಮರಳಿ ಬಂದ ಮೇಲೆ ಒಂದು ರಾತ್ರಿ ಅವನು ಸಿಗರೇಟಿನ ಪ್ಯಾಕ್ ತರಲು ಯಾರಿಗೂ ಹೇಳದೆ ಕಾರು ಹತ್ತಿ ಪೆಟ್ರೋಲ್ ಬಂಕಿಗೆ ಹೋಗುತ್ತಾನೆ. ಅಲ್ಲಿ ಮೈ ಕೈಕೊಡುತ್ತದೆ. ವಾಂತಿ ಮಾಡಿಕೊಂಡು, ಅಳುತ್ತಾ, ತಾನು ಪ್ರೀತಿಸುವ ಹುಡುಗಿಗೆ ಫೋನ್ ಮಾಡುತ್ತಾನೆ. ರೂಪಕ ಯಾವ ಕೆಲಸಕ್ಕೂ ಬರುವುದಿಲ್ಲ. ಮೊದಲ ದೃಶ್ಯದ ಬಿಲ್ಡಪ್ ಇಲ್ಲದಿದ್ದರೆ ಈ ದೃಶ್ಯಕ್ಕೆ ಇಷ್ಟು ನೋವು ಇರುತ್ತಿರಲಿಲ್ಲ. ನನ್ನ ಪ್ರಕಾರ ಆಗಸ್ಟಸ್ ಪಾಸು. ಅದೇ ಪುಸ್ತಕದಲ್ಲಿ ಅವನಷ್ಟೇ ಚುರುಕಾಗಿ ಆ ಹುಡುಗಿಯೂ ಮಾತಾಡುತ್ತಾಳೆ, ಅವನ ಗೆಳೆಯನೂ ಮಾತಾಡುತ್ತಾನೆ ಅನ್ನುವುದು ಬೇಕಾದರೆ ದೂರು. ಒಂದು ಕ್ಲಾಸಿನಲ್ಲಿ ಒಬ್ಬ ಚಂದ್ರವಾಣಿ ಇರಬಹುದು. ಇಡೀ ಬೆಂಚಿಗೆ ಬೆಂಚೇ ಚಂದ್ರವಾಣಿಗಳಾದರೆ ಕಷ್ಟ.

ಇಷ್ಟೆಲ್ಲ ಆದಮೇಲೆ ನನ್ನ ಕಥೆಯನ್ನು ಮತ್ತೆ ತೆಗೆದೆ. ಹೊಳೆಯ ಸಾಲನ್ನು ಹೊಡೆದುಹಾಕಲಿಲ್ಲ, ಅದರ ಅಕ್ಕಪಕ್ಕ ಬದಲಿಸಿದೆ. ಈಗ ಹುಡುಗಿ ಅದನ್ನು ಹೇಳಿದ ತಕ್ಷಣ ಗೆಳತಿ ಕೇಳುತ್ತಾಳೆ: "ಯಾವ ಬುಕ್ಕಲ್ಲಿ ಓದಿದ್ದೇ?" "ಎಲ್ಲೂ ಇಲ್ಲ, ನಂದೇ." "ಸುಳ್ಳು." ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ. ಇಬ್ಬರೂ ಓಡುತ್ತಾರೆ. ಅವಳ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ, ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತಾ ಬಸ್ಸು ಹತ್ತುತ್ತಾಳೆ.

ಹೊಸ ಕಥೆಯನ್ನು ಮೊದಲು ಅಕ್ಕನ ಮಗಳಿಗೆ ವಾಟ್ಸಾಪ್ ಮಾಡಿದೆ. ಸಂಜೆ ಉತ್ತರ ಬಂತು: "ಮಾವ, ಕಥೆ ಸೂಪರ್. ಆದ್ರೆ ಹುಡುಗಿ ಸ್ವಲ್ಪ ಓವರ್ ಅಲ್ವಾ? ನಮ್ಮ ಕಾಲೇಜಲ್ಲಿ ಯಾರೂ ಹೀಗೆ ಮಾತಾಡಲ್ಲ."

ಅವತ್ತು ಅವಳ ಸ್ಟೇಟಸ್: "ಮೌನಕ್ಕೂ ಒಂದು ವ್ಯಾಕರಣವಿದೆ. ಎಲ್ಲರಿಗೂ ಓದಲು ಬರುವುದಿಲ್ಲ."